ಅರಸನನ್ನೂ ಕಟ್ಟುವ ಶಾಸನ

ಬಂಕಾಪುರದ ಕೋಟೆಯನ್ನು ಹೊಕ್ಕು ನಗರೇಶ್ವರ ದೇವಾಲಯದ ಕಂಬಗಳ ನಡುವೆ ಒಂದು ಗಳಿಗೆ ಕುಳಿತವನಿಗೆ, ಈ ಊರು ಒಂದು ಕಾಲಕ್ಕೆ ಬನವಾಸಿ ನಾಡನ್ನು ಆಳಿದವರ ನೆಲೆಯಾಗಿತ್ತೆಂದು ಯಾರೂ ಹೇಳಿಕೊಡಬೇಕಾಗಿಲ್ಲ. ರಾಷ್ಟ್ರಕೂಟ ಅಮೋಘವರ್ಷನ ದಂಡನಾಯಕನಾದ ಬಂಕೆಯನ ಹೆಸರನ್ನು ಹೊತ್ತ ಊರಿದು. ಅವನ ಮಗ ಲೋಕಾದಿತ್ಯನು ಇಲ್ಲಿಂದಲೇ ನಾಡನ್ನು ಆಳಿದನು. ತರುವಾಯ ಬಂದ ಅರಸರೂ ಮಾಂಡಲಿಕರೂ 11–12ನೆಯ ಶತಮಾನಗಳಲ್ಲಿ ಇಲ್ಲಿ ದತ್ತಿ ಶಾಸನಗಳನ್ನು ಬರೆಯಿಸಿದರು. ಕನ್ನಡ ನಾಡಿನ ಇಂಥ ಶಾಸನಗಳನ್ನು ಓದಿದವರಿಗೆ ಅವುಗಳ ಕೊನೆಯ ಸಾಲುಗಳ ವಾಡಿಕೆ ಗೊತ್ತೇ ಇದೆ. ತಾನು ಕೊಟ್ಟುದಾಗಲಿ, ತನ್ನ ಹಿಂದಿನವರು ಕೊಟ್ಟುದಾಗಲಿ, ಧರ್ಮವನ್ನು ಕಾಯ್ದವನಿಗೆ ಪುಣ್ಯವೆಂದೂ ಅಳಿದವನಿಗೆ ಘೋರ ನರಕವೆಂದೂ ಅಲ್ಲಿ ಬರೆದಿರುತ್ತದೆ.

ವಾಚಕರೇ, ಈ ಶಾಪವಾಕ್ಯವನ್ನು ಬರಿಯ ಮೂಢನಂಬಿಕೆಯೆಂದು ನಕ್ಕು ಮುಂದೆ ಸಾಗಬೇಡಿರಿ. ಅದರೊಳಗೆ ದೊಡ್ಡದೊಂದು ರಾಜಕೀಯ ವಿಚಾರ ಅಡಗಿದೆ. ಕೊಟ್ಟ ಅರಸನು ಸತ್ತ ಮೇಲೆ ಬರುವ ಅರಸನೂ ಕಲ್ಲಿನಲ್ಲಿ ಕೊರೆದ ಮಾತಿಗೆ ಬದ್ಧನೆಂಬುದೇ ಆ ವಿಚಾರ. ಆದರೆ ಅವನು ಆ ಮಾತನ್ನು ಮೀರಿದರೆ ಕೇಳುವವರು ಯಾರು? ನರಕದ ಭಯವೊಂದೇ. ಆ ಭಯವಿಲ್ಲದ ಅರಸನ ಮುಂದೆ ಶಾಸನವು ಮೂಕವಾಗಿ ನಿಲ್ಲಬೇಕಾಗುತ್ತಿತ್ತು. ಆಳುವವನನ್ನೇ ಕಟ್ಟುವ ಬರಹವನ್ನು ಕಾಯುವವರಾರೆಂಬ ಪ್ರಶ್ನೆಗೆ ಅಮೇರಿಕೆಯ ಸಂಯುಕ್ತ ಸಂಸ್ಥಾನಗಳು 18ನೆಯ ಶತಮಾನದ ಕೊನೆಗೆ ಒಂದು ಉತ್ತರವನ್ನು ಕಂಡುಕೊಂಡವು. ಆ ಉತ್ತರವೇನು, ಅದರಲ್ಲಿ ನಮ್ಮದಾದುದೆಷ್ಟು, ನಮಗಿನ್ನೂ ದಕ್ಕದಿರುವುದೇನು ಎಂಬುದನ್ನು ಏಕೀಕೃತ ಕರ್ನಾಟಕದ ಪ್ರಜೆಗಳಾದ ನಾವು ವಿಚಾರ ಮಾಡುವುದು ಅವಶ್ಯವಾಗಿದೆ.

1776ರಲ್ಲಿ ಇಂಗ್ಲಂಡದ ಅರಸನ ಆಳಿಕೆಯನ್ನು ಕಿತ್ತೊಗೆದ 13 ವಸಾಹತುಗಳು ಮೊದಲು ಕಟ್ಟಿಕೊಂಡದ್ದು ಬಹು ಸಡಿಲವಾದ ಕೂಟವನ್ನು. 1781ರಲ್ಲಿ ಜಾರಿಗೆ ಬಂದ ಆ ಏರ್ಪಾಡಿನಲ್ಲಿ ನಡುವಣ ಸರಕಾರಕ್ಕೆ ತೆರಿಗೆ ಎತ್ತುವ ಅಧಿಕಾರವಿರಲಿಲ್ಲ. ಸಂಸ್ಥಾನಗಳ ಮುಂದೆ ಕೈಯೊಡ್ಡಿ ಬೇಡಬೇಕಾಗಿತ್ತು. ಸೈನಿಕರ ಸಂಬಳ ನಿಂತಿತು, ಸಾಲ ಬೆಳೆಯಿತು. 1786ರಲ್ಲಿ ಮೆಸ್ಸಾಚುಸೆಟ್ಸದ ಸಾಲಗಾರ ರೈತರು ಆಯುಧ ಹಿಡಿದು ಎದ್ದಾಗ ಅವರನ್ನು ಅಡಗಿಸಲು ಕೂಟದ ಸರಕಾರಕ್ಕೆ ಶಕ್ತಿಯಿರಲಿಲ್ಲ. ಈ ದುರವಸ್ಥೆಯನ್ನು ಕಂಡು 1787ರಲ್ಲಿ ಫಿಲಡೆಲ್ಫಿಯಾ ನಗರದಲ್ಲಿ 12 ಸಂಸ್ಥಾನಗಳಿಂದ 55 ಜನ ಪ್ರತಿನಿಧಿಗಳು ನೆರೆದರು. ರೋಡ್ ಐಲಂಡ್ ಸಂಸ್ಥಾನವು ಯಾರನ್ನೂ ಕಳಿಸಲಿಲ್ಲ. ಸಪ್ಟಂಬರ 17ರಂದು 39 ಜನರು ಹೊಸ ರಾಜ್ಯಘಟನೆಗೆ, ಇಂದು ನಾವು ಸಂವಿಧಾನವೆನ್ನುವುದಕ್ಕೆ, ಸಹಿ ಹಾಕಿದರು.

ಆದರೆ ಸಹಿ ಹಾಕಿದ ಮಾತ್ರಕ್ಕೆ ಅದು ಶಾಸನವಾಗಲಿಲ್ಲ. ಸಂಸ್ಥಾನ ಸಂಸ್ಥಾನಗಳಲ್ಲಿ ಜನರು ಆರಿಸಿದ ಸಭೆಗಳು ಕೂಡಿ, ಕನಿಷ್ಠ 9 ಸಂಸ್ಥಾನಗಳು ಒಪ್ಪಿದ ಮೇಲೆಯೇ ಅದಕ್ಕೆ ಜೀವ ಬರುವುದೆಂದು ಗೊತ್ತುಮಾಡಿದ್ದರು. 1788ರ ಜೂನಿನಲ್ಲಿ 9ನೆಯ ಒಪ್ಪಿಗೆ ದೊರೆಯಿತು. ಆ ತಿಂಗಳುಗಳಲ್ಲಿ ಹ್ಯಾಮಿಲ್ಟನ್, ಮ್ಯಾಡಿಸನ್, ಜೇ ಎಂಬ ಮೂವರು ಒಂದೇ ಗುಪ್ತನಾಮದಿಂದ ನ್ಯೂಯಾರ್ಕಿನ ವೃತ್ತಪತ್ರಗಳಲ್ಲಿ ಬರೆಯತೊಡಗಿದ ಲೇಖನಮಾಲೆಯು 85ಕ್ಕೆ ಮುಟ್ಟಿತು. ಒಂದು ದೇಶದ ತಳಹದಿಯ ಚರ್ಚೆಯು ವೃತ್ತಪತ್ರದ ಅಂಕಣದಲ್ಲಿ, ಅಂಗಡಿಕಾರನೂ ಶಾಲಾಮಾಸ್ತರನೂ ಓದುವಂತೆ ನಡೆಯಿತೆಂಬುದು ಪತ್ರಿಕಾವ್ಯವಸಾಯದವರಾದ ನಮಗೆ ಅಭಿಮಾನದ ಸಂಗತಿಯೇ ಸರಿ.

ಆ ರಾಜ್ಯಘಟನೆಯ ಮೂಲತತ್ತ್ವವನ್ನು ಒಂದೇ ಮಾತಿನಲ್ಲಿ ಹೇಳುವುದಾದರೆ, ಅಧಿಕಾರಕ್ಕೆ ಎಲ್ಲೆಯಿರಬೇಕು ಎಂಬುದು. ಸತ್ತೆಯ ಮೂಲವು ಅರಸನಲ್ಲ, ಜನ. ಜನರು ಬರೆದುಕೊಟ್ಟಷ್ಟೇ ಅಧಿಕಾರ ಸರಕಾರಕ್ಕೆ. ಅಷ್ಟು ಕೊಟ್ಟ ಅಧಿಕಾರವೂ ಒಂದೇ ಕೈಯಲ್ಲಿ ಇರಬಾರದೆಂದು ಕಾಯಿದೆ ಮಾಡುವ ಕೆಲಸವನ್ನು ಕಾಂಗ್ರೆಸ್ಸಿಗೂ, ನಡೆಸುವ ಕೆಲಸವನ್ನು ಅಧ್ಯಕ್ಷನಿಗೂ, ನ್ಯಾಯ ಹೇಳುವ ಕೆಲಸವನ್ನು ನ್ಯಾಯಾಲಯಕ್ಕೂ ಹಂಚಿದರು. ಹಂಚಿದ ಮೇಲೆ ಒಂದಕ್ಕೊಂದು ತಡೆಯನ್ನು ಇಟ್ಟರು. ಕಾಂಗ್ರೆಸ್ಸಿನ ಮಸೂದೆಯನ್ನು ಅಧ್ಯಕ್ಷನು ತಿರಸ್ಕರಿಸಬಹುದು. ಮೂರರಲ್ಲಿ ಎರಡು ಪಾಲು ಬಹುಮತದಿಂದ ಕಾಂಗ್ರೆಸ್ಸು ಆ ತಿರಸ್ಕಾರವನ್ನು ಮೀರಬಹುದು. ಅಧ್ಯಕ್ಷನು ನ್ಯಾಯಾಧೀಶನನ್ನು ಹೆಸರಿಸುತ್ತಾನೆ. ಸೆನೆಟ್ ಸಭೆ ಒಪ್ಪದೆ ಆ ನೇಮಕ ಸಲ್ಲದು. ಆಳುವವರ ಒಳ್ಳೆಯತನವನ್ನು ನಂಬಿ ಮನೆ ಕಟ್ಟಬಾರದು, ಒಬ್ಬನ ಅಧಿಕಾರದಾಸೆಗೆ ಇನ್ನೊಬ್ಬನದನ್ನೇ ಅಡ್ಡಗೋಡೆಯಾಗಿ ನಿಲ್ಲಿಸಬೇಕು ಎಂಬುದು ಮ್ಯಾಡಿಸನ್ನನ ವಾದವಾಗಿತ್ತು.

ಇದರಂತೆಯೇ ನಡುವಣ ಸರಕಾರಕ್ಕೂ ಸಂಸ್ಥಾನಗಳಿಗೂ ಅಧಿಕಾರವನ್ನು ಹಂಚಿದರು. ದೊಡ್ಡ ಸಂಸ್ಥಾನವು ಚಿಕ್ಕದನ್ನು ನುಂಗದಂತೆ ಸೆನೆಟ್ ಸಭೆಯಲ್ಲಿ ಪ್ರತಿಯೊಂದಕ್ಕೂ ಸರಿಸಮವಾಗಿ ಇಬ್ಬರೆಂದು ಗೊತ್ತುಮಾಡಿದರು. ನಮ್ಮ ರಾಜ್ಯಸಭೆಯಲ್ಲಿ ಕರ್ನಾಟಕಕ್ಕೆ 12, ಉತ್ತರ ಪ್ರದೇಶಕ್ಕೆ 31 ಸ್ಥಾನಗಳಿರುವುದನ್ನು ನೆನೆದರೆ ಭೇದವು ತಿಳಿಯುವುದು. 1791ರಲ್ಲಿ ಮೊದಲ 10 ತಿದ್ದುಪಡಿಗಳ ಮೂಲಕ ಪ್ರಜೆಯ ವಾಕ್‌ಸ್ವಾತಂತ್ರ್ಯ, ಮತಸ್ವಾತಂತ್ರ್ಯ ಮುಂತಾದ ಹಕ್ಕುಗಳು ಸೇರಿದವು. 1803ರಲ್ಲಿ ಮುಖ್ಯ ನ್ಯಾಯಾಧೀಶ ಜಾನ್ ಮಾರ್ಷಲ್ಲನು ಮಾರ್ಬರಿ ಎಂಬವನ ವ್ಯಾಜ್ಯದಲ್ಲಿ, ರಾಜ್ಯಘಟನೆಗೆ ವಿರುದ್ಧವಾದ ಕಾಯಿದೆಯು ಕಾಯಿದೆಯೇ ಅಲ್ಲ, ಹಾಗೆಂದು ಸಾರುವುದು ನ್ಯಾಯಾಲಯದ ಕರ್ತವ್ಯ ಎಂದು ತೀರ್ಪಿತ್ತನು. ನಮ್ಮ ಶಾಸನಗಳ ಕೊನೆಯಲ್ಲಿ ನರಕದ ಭಯವಿದ್ದ ಸ್ಥಳದಲ್ಲಿ ಅವರು ನ್ಯಾಯಪೀಠವನ್ನು ಇಟ್ಟರು.

ಇದನ್ನೆಲ್ಲ ಹೊಗಳುವಾಗ ಅದರ ಕಲಂಕವನ್ನು ಮುಚ್ಚಿಡುವುದು ನ್ಯಾಯವಲ್ಲ. ಜನರೇ ಸತ್ತೆಯ ಮೂಲವೆಂದು ಸಾರಿದ ಅದೇ ಬರಹವು ಪ್ರತಿನಿಧಿಗಳ ಸಂಖ್ಯೆಯನ್ನು ಗೊತ್ತುಮಾಡುವಾಗ ಐವರು ಗುಲಾಮರನ್ನು ಮೂವರೆಂದು ಎಣಿಸಿತು. ಎಣಿಕೆಯ ಲಾಭ ಗುಲಾಮರಿಗಲ್ಲ, ಅವರ ಒಡೆಯರಿಗೆ. 1857ರಲ್ಲಿ ಅದೇ ಸರ್ವೋಚ್ಚ ನ್ಯಾಯಾಲಯವು ಕರಿಯ ಜನರು ಆ ದೇಶದ ಪೌರರಾಗಲಾರರೆಂದು ತೀರ್ಪು ಕೊಟ್ಟಿತು. ಆ ಪಾಪದ ಫಲವನ್ನು 1861ರಿಂದ 1865ರ ವರೆಗಿನ ಅಂತರ್ಯುದ್ಧದಲ್ಲಿ ದೇಶವೆಲ್ಲ ಉಣ್ಣಬೇಕಾಯಿತು. ನ್ಯಾಯಪೀಠವೂ ತಪ್ಪಬಲ್ಲದು, ಸಂಸ್ಥಾನದ ಹಕ್ಕೆಂಬುದು ಅನ್ಯಾಯದ ಗುರಾಣಿಯೂ ಆಗಬಲ್ಲದು ಎಂಬ ಎಚ್ಚರವಿಟ್ಟುಕೊಂಡೇ ನಾವು ಅವರಿಂದ ಕಲಿಯತಕ್ಕದ್ದು.

ಭಾರತದ ರಾಜ್ಯಘಟನೆಯನ್ನು ಬರೆದವರು ಈ ಎಚ್ಚರದಿಂದಲೇ ನಡೆದರು. ಡಾ. ಅಂಬೇಡಕರರು ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ ಓದಿ ಅಮೇರಿಕೆಯನ್ನು ಕಣ್ಣಾರೆ ಕಂಡವರು. ರಾಜ್ಯಘಟನಾ ಸಭೆಯ ಸಲಹೆಗಾರರಾಗಿದ್ದ ಬೆನೆಗಲ್ ನರಸಿಂಗ ರಾಯರು ನಮ್ಮ ಮಂಗಳೂರಿನಲ್ಲಿ ಹುಟ್ಟಿದವರು. ಅವರು 1947ರಲ್ಲಿ ಅಮೇರಿಕೆಗೆ ಹೋಗಿ ಅಲ್ಲಿಯ ಸರ್ವೋಚ್ಚ ನ್ಯಾಯಾಲಯದ ಫೆಲಿಕ್ಸ್ ಫ್ರಾಂಕ್‌ಫರ್ಟರರೊಡನೆ ಸಮಾಲೋಚಿಸಿದರು. ಪ್ರಜೆಯ ಪ್ರಾಣವನ್ನೂ ಸ್ವಾತಂತ್ರ್ಯವನ್ನೂ ಕಸಿಯುವ ಕಾಯಿದೆಯು ನ್ಯಾಯಸಮ್ಮತವೋ ಅಲ್ಲವೋ ಎಂದು ತೂಗುವ ಅಧಿಕಾರವನ್ನು ಕೆಲವೇ ನ್ಯಾಯಾಧೀಶರ ಕೈಗೆ ಕೊಡುವುದು ಪ್ರಜಾಸತ್ತೆಗೆ ಒಪ್ಪುವುದಲ್ಲವೆಂದು ಆ ನ್ಯಾಯಾಧೀಶರೇ ಅವರಿಗೆ ಹೇಳಿದರು. ಅದರಿಂದ ನಮ್ಮ 21ನೆಯ ಕಲಮಿನಲ್ಲಿ ಅಮೇರಿಕೆಯ ಮಾತು ಬಿದ್ದುಹೋಗಿ, ಕಾಯಿದೆಯು ಗೊತ್ತುಪಡಿಸಿದ ಕ್ರಮ ಎಂಬ ಇಕ್ಕಟ್ಟಾದ ಮಾತು ಉಳಿಯಿತು. 1976ರಲ್ಲಿ, ತುರ್ತುಪರಿಸ್ಥಿತಿಯ ಕಾಲದಲ್ಲಿ, ಸೆರೆಯಾದವನಿಗೆ ನ್ಯಾಯಾಲಯದ ಬಾಗಿಲು ಮುಚ್ಚಿದೆಯೆಂದು ಸುಪ್ರೀಮ್ ಕೋರ್ಟೇ ಹೇಳಿದಾಗ ಎಲ್ಲೆಯಿಲ್ಲದ ಅಧಿಕಾರವೆಂದರೇನೆಂಬುದು ನಮಗೆ ಮನದಟ್ಟಾಯಿತು. 1978ರಲ್ಲಿ ಮೇನಕಾ ಗಾಂಧಿಯವರ ವ್ಯಾಜ್ಯದಲ್ಲಿ ಅದೇ ಕೋರ್ಟು, ಗೊತ್ತುಪಡಿಸಿದ ಕ್ರಮವು ನ್ಯಾಯವಾದ ಕ್ರಮವೂ ಆಗಿರತಕ್ಕದ್ದೆಂದು ಹೇಳಿ, ಬಾಗಿಲಲ್ಲಿ ಹೊರಗೆ ನಿಲ್ಲಿಸಿದ್ದ ತತ್ತ್ವವನ್ನು ಒಳಗೆ ಕರೆದುಕೊಂಡಿತು.

ಇನ್ನು ನಮ್ಮ ನಾಡಿನ ಹುಟ್ಟಿಗೇ ಸಂಬಂಧಿಸಿದ ಮಾತಿಗೆ ಬರೋಣ. ಅಮೇರಿಕೆಯ ರಾಜ್ಯಘಟನೆಯ 4ನೆಯ ವಿಧಿಯ ಪ್ರಕಾರ ಒಂದು ಸಂಸ್ಥಾನವನ್ನು ಒಡೆದಾಗಲಿ, ಸಂಸ್ಥಾನಗಳ ಭಾಗಗಳನ್ನು ಕೂಡಿಸಿಯಾಗಲಿ ಹೊಸ ಸಂಸ್ಥಾನವನ್ನು ಮಾಡಬೇಕಾದರೆ ಕಾಂಗ್ರೆಸ್ಸಿನ ಒಪ್ಪಿಗೆಯ ಜೊತೆಗೆ ಆಯಾ ಸಂಸ್ಥಾನಗಳ ಶಾಸನಸಭೆಗಳ ಒಪ್ಪಿಗೆಯೂ ಬೇಕು. ನಮ್ಮ 3ನೆಯ ಕಲಮು ಹಾಗಲ್ಲ. ಪಾರ್ಲಿಮೆಂಟು ಸಾದಾ ಬಹುಮತದಿಂದ ಪ್ರಾಂತಗಳನ್ನು ಕೂಡಿಸಬಹುದು, ಒಡೆಯಬಹುದು, ಗಡಿಯನ್ನೂ ಹೆಸರನ್ನೂ ಬದಲಿಸಬಹುದು. ಶಾಸನಸಭೆಯ ಅಭಿಪ್ರಾಯವನ್ನು ಕೇಳಿದರೆ ಸಾಕು. ಅದನ್ನು ಮನ್ನಿಸಬೇಕೆಂಬ ಕಟ್ಟಿಲ್ಲ. ಆ ಅಭಿಪ್ರಾಯಕ್ಕೂ ಗಡುವು ಹಾಕುವ ಅಧಿಕಾರವನ್ನು 1955ರ 5ನೆಯ ತಿದ್ದುಪಡಿಯು ರಾಷ್ಟ್ರಪತಿಗಳಿಗೆ ಕೊಟ್ಟಿತು.

ಈ ಕಲಮನ್ನು ಬಯ್ಯುವ ಮೊದಲು ಬಂಕಾಪುರದವನು ಒಂದು ಕ್ಷಣ ತಡೆದು ನೋಡಬೇಕು. ಈ ಊರು ಮುಂಬಯಿ ಇಲಾಖೆಯ ಧಾರವಾಡ ಜಿಲ್ಲೆಯಲ್ಲಿತ್ತು. ಹತ್ತಿರದ ಸವಣೂರು ನವಾಬರ ಸಂಸ್ಥಾನವಾಗಿತ್ತು. ದಕ್ಷಿಣಕ್ಕೆ ಮೈಸೂರು, ಪೂರ್ವಕ್ಕೆ ನಿಜಾಮರ ಸೀಮೆ. 1890ರಲ್ಲಿ ಧಾರವಾಡದಲ್ಲಿ ವಿದ್ಯಾವರ್ಧಕ ಸಂಘ ಹುಟ್ಟಿದಂದಿನಿಂದ, 1924ರ ಬೆಳಗಾವಿಯ ಏಕೀಕರಣ ಪರಿಷತ್ತಿನ ಮೂಲಕ, 1953ರಲ್ಲಿ ಅದರಗುಂಚಿಯ ಶಂಕರಗೌಡ ಪಾಟೀಲರು ಕೈಕೊಂಡ ಉಪವಾಸದ ವರೆಗೆ ಜನರು ಕೂಗಿದ ಕೂಗು ಒಂದೇ. ಆದರೆ ಮುಂಬಯಿಯ ಶಾಸನಸಭೆಯಲ್ಲಿ ಕನ್ನಡಿಗರು ಅಲ್ಪಸಂಖ್ಯಾತರು. ಹಳೆಯ ಮೈಸೂರಿನ ಕೆಲವು ನಾಯಕರಿಗೂ ಏಕೀಕರಣವು ಬೇಡವಾಗಿತ್ತು. ಅಮೇರಿಕೆಯ ಕಟ್ಟಳೆಯೇ ನಮ್ಮಲ್ಲಿದ್ದು ಈ ಸಭೆಗಳೆಲ್ಲವುಗಳ ಒಪ್ಪಿಗೆಗೆ ಕಾಯಬೇಕಾಗಿದ್ದರೆ 1956ರ ನವಂಬರ 1 ಬರುತ್ತಿತ್ತೇ? ಬರುತ್ತಿದ್ದರೂ ಎಷ್ಟು ವರ್ಷ ತಡವಾಗಿ ಬರುತ್ತಿತ್ತೋ ಬಲ್ಲವರಾರು!

ಆದರೆ ಕೂಡಿಸಿದ ಕತ್ತಿಯೇ ಕತ್ತರಿಸಿಯೂ ಬಿಟ್ಟಿತು. 1953ರಲ್ಲಿ ಆಂಧ್ರವು ಹುಟ್ಟಿದಾಗ ಬಳ್ಳಾರಿ ಜಿಲ್ಲೆಯ ಆದವಾನಿ, ಆಲೂರು, ರಾಯದುರ್ಗಗಳು ಅತ್ತ ಹೋದವು. 1956ರಲ್ಲಿ ಕಾಸರಗೋಡು ಕೇರಳದ ಪಾಲಾಯಿತು. 1966ರಲ್ಲಿ ನೇಮಕವಾದ ಮಹಾಜನ ಆಯೋಗವು ಮರುವರ್ಷ ವರದಿ ಕೊಟ್ಟಿತು. ಅದು ಜಾರಿಗೆ ಬರಲಿಲ್ಲ. ಎಲ್ಲೆಯಿಲ್ಲದ ಅಧಿಕಾರದಿಂದ ಬಂದ ವರವನ್ನು ಅದೇ ಅಧಿಕಾರವು ಹಿಂದೆಗೆದುಕೊಳ್ಳಬಲ್ಲದು. ಹಾಗಾದರೆ ಅದಕ್ಕೆ ತಡೆಯೇ ಇಲ್ಲವೇ? ಇದೆ. ಆ ತಡೆಯನ್ನು ಕಟ್ಟಿದ ಎರಡು ಮಹಾ ವ್ಯಾಜ್ಯಗಳು ಕನ್ನಡಿಗರ ಹೆಸರಿನಲ್ಲಿಯೇ ಇವೆ.

ಮೊದಲನೆಯದು ಕಾಸರಗೋಡಿನ ಎಡನೀರು ಮಠದ ಕೇಶವಾನಂದ ಭಾರತೀ ಸ್ವಾಮಿಗಳದು. ಯಕ್ಷಗಾನಕ್ಕೂ ಸಂಗೀತಕ್ಕೂ ಆಶ್ರಯವಾದ ಆ ಕನ್ನಡ ಮಠದ ಭೂಮಿಯು ಕೇರಳದ ಭೂಸುಧಾರಣೆಯ ಕಾಯಿದೆಗೆ ಒಳಪಟ್ಟಾಗ ಸ್ವಾಮಿಗಳು 1970ರಲ್ಲಿ ಸುಪ್ರೀಮ್ ಕೋರ್ಟಿಗೆ ಹೋದರು. 13 ಜನ ನ್ಯಾಯಾಧೀಶರು 68 ದಿನ ವಾದವನ್ನು ಕೇಳಿದರು. 1973ರ ಎಪ್ರಿಲ್ 24ರಂದು 7ಕ್ಕೆ 6ರ ಬಹುಮತದಿಂದ ಬಂದ ತೀರ್ಪಿನ ಸಾರವಿಷ್ಟು: ಪಾರ್ಲಿಮೆಂಟು ರಾಜ್ಯಘಟನೆಯನ್ನು ತಿದ್ದಬಹುದು, ಆದರೆ ಅದರ ಮೂಲರಚನೆಯನ್ನು ಕೆಡವಲಾಗದು. ಇದು ಅಮೇರಿಕೆಯಿಂದ ತಂದ ಮಾತಲ್ಲ. ಅಲ್ಲಿ ತಿದ್ದುಪಡಿಗೆ ಕಾಂಗ್ರೆಸ್ಸಿನ ಎರಡೂ ಸಭೆಗಳಲ್ಲಿ ಮೂರರಲ್ಲಿ ಎರಡು ಪಾಲು ಮತ ಬೇಕು, ಬಳಿಕ ಸಂಸ್ಥಾನಗಳಲ್ಲಿ ನಾಲ್ಕರಲ್ಲಿ ಮೂರು ಪಾಲು ಒಪ್ಪಬೇಕು. ದಾರಿಯೇ ಅಷ್ಟು ದುರ್ಗಮವಾದುದರಿಂದ ಇಷ್ಟು ಕಾಲದಲ್ಲಿ 27 ತಿದ್ದುಪಡಿಗಳು ಮಾತ್ರ ಆಗಿವೆ. ನಮ್ಮಲ್ಲಿ ದಾರಿ ಸುಲಭವಾಗಿದ್ದುದರಿಂದ ಕೊನೆಯಲ್ಲಿ ಒಂದು ಗೋಡೆ ಬೇಕಾಯಿತು. ಮಠದ ಭೂಮಿಯ ಮಾತು ಹಿಂದೆ ಉಳಿಯಿತು; ಸ್ವಾಮಿಗಳ ಹೆಸರು ದೇಶದ ಗೋಡೆಗೆ ನಿಂತಿತು. ಕನ್ನಡ ನಾಡಿನಿಂದ ಹೊರಗೆ ಬಿದ್ದ ಕನ್ನಡ ಮಠವೊಂದು ಭಾರತಕ್ಕೆಲ್ಲ ಈ ಉಪಕಾರವನ್ನು ಮಾಡಿತು.

ಎರಡನೆಯದು ನಮ್ಮ ಮಗ್ಗುಲಿನದೇ. ಬಂಕಾಪುರಕ್ಕೆ ಬಹಳ ದೂರವಲ್ಲದ, ಇಂದಿನ ಹಾವೇರಿ ಜಿಲ್ಲೆಯ ಕಾರಡಗಿಯಲ್ಲಿ 1924ರಲ್ಲಿ ಹುಟ್ಟಿದ ಎಸ್. ಆರ್. ಬೊಮ್ಮಾಯಿಯವರು ವಕೀಲರು, ಎಂ. ಎನ್. ರಾಯರ ವಿಚಾರಗಳ ಅನುಯಾಯಿಗಳು. 1988ರ ಅಗಸ್ಟಿನಲ್ಲಿ ಅವರು ಕರ್ನಾಟಕದ ಮುಖ್ಯಮಂತ್ರಿಗಳಾದರು. 1989ರ ಎಪ್ರಿಲಿನಲ್ಲಿ 19 ಜನ ಶಾಸಕರು ಬೆಂಬಲವನ್ನು ಹಿಂದೆಗೆದುಕೊಂಡರೆಂಬ ಪತ್ರಗಳು ರಾಜ್ಯಪಾಲರ ಕೈಗೆ ಬಂದವು. ಅವರಲ್ಲಿ 7 ಜನರು ತಾವು ಸರಕಾರದ ಪಕ್ಷದಲ್ಲಿಯೇ ಇದ್ದೇವೆಂದು ಮರಳಿ ಬರೆದರು. ಸಭೆಯನ್ನು ಕರೆಯಿರಿ, ನನ್ನ ಬಹುಮತವನ್ನು ಅಲ್ಲಿಯೇ ತೋರಿಸುವೆನೆಂದು ಬೊಮ್ಮಾಯಿಯವರು ಕೇಳಿಕೊಂಡರೂ ಅವಕಾಶ ದೊರೆಯಲಿಲ್ಲ. ಎಪ್ರಿಲ್ 21ರಂದು 356ನೆಯ ಕಲಮಿನ ಮೇರೆಗೆ ಸರಕಾರವು ಬಿದ್ದಿತು, ಸಭೆಯು ವಿಸರ್ಜನೆಯಾಯಿತು. ಹೈಕೋರ್ಟಿನಲ್ಲಿ ಅವರ ಅರ್ಜಿ ವಜಾ ಆಯಿತು. ಅವರು ಬಿಡದೆ ಸುಪ್ರೀಮ್ ಕೋರ್ಟಿಗೆ ಹೋದರು.

1994ರ ಮಾರ್ಚ್ 11ರಂದು 9 ಜನ ನ್ಯಾಯಾಧೀಶರ ಪೀಠವು ತೀರ್ಪಿತ್ತಿತು. ಬಹುಮತವಿದೆಯೋ ಇಲ್ಲವೋ ಎಂಬುದನ್ನು ರಾಜ್ಯಪಾಲರ ಕೋಣೆಯಲ್ಲಿ ಅಲ್ಲ, ಸಭೆಯ ನೆಲದ ಮೇಲೆ ನೋಡತಕ್ಕದ್ದು. ರಾಷ್ಟ್ರಪತಿಗಳ ಘೋಷಣೆಯೂ ನ್ಯಾಯಾಲಯದ ಪರಾಮರ್ಶೆಗೆ ಒಳಪಟ್ಟದ್ದು. ಪಾರ್ಲಿಮೆಂಟಿನ ಎರಡೂ ಸಭೆಗಳು ಒಪ್ಪುವ ಮುನ್ನ ಶಾಸನಸಭೆಯನ್ನು ವಿಸರ್ಜಿಸಕೂಡದು. ಪ್ರಾಂತಗಳು ಕೇಂದ್ರದ ಬಾಲಗಳಲ್ಲ. ಸಂಯುಕ್ತ ಪದ್ಧತಿಯೂ ಮೂಲರಚನೆಯ ಒಂದು ಅಂಗ. ಕರ್ನಾಟಕದ ಘೋಷಣೆಯು ರಾಜ್ಯಘಟನೆಗೆ ವಿರುದ್ಧವಾಗಿತ್ತೆಂದೂ ಕೋರ್ಟು ಹೇಳಿತು. ಅಷ್ಟರಲ್ಲಿ ಹೊಸ ಚುನಾವಣೆ ನಡೆದು ಐದು ವರ್ಷಗಳು ಕಳೆದಿದ್ದವು; ಬೊಮ್ಮಾಯಿಯವರಿಗೆ ಹೋದ ಅಧಿಕಾರ ಮರಳಲಿಲ್ಲ. ಆದರೆ ಆ ತೀರ್ಪಿನ ಫಲವನ್ನು ಪಕ್ಷಭೇದವಿಲ್ಲದೆ ಎಲ್ಲ ಪ್ರಾಂತಗಳೂ ಉಂಡವು. 2016ರಲ್ಲಿ ಉತ್ತರಾಖಂಡದಲ್ಲಿಯೂ 2018ರ ಮೇ ತಿಂಗಳಲ್ಲಿ ನಮ್ಮ ವಿಧಾನಸೌಧದಲ್ಲಿಯೂ ಬಹುಮತದ ಪರೀಕ್ಷೆಯು ಸಭೆಯಲ್ಲಿಯೇ ನಡೆಯುವಂತೆ ಕೋರ್ಟು ಆಜ್ಞಾಪಿಸಿದಾಗ ಬೆನ್ನ ಹಿಂದೆ ಇದ್ದದ್ದು ಕಾರಡಗಿಯ ವಕೀಲರ ಹಟವೇ.

ಇಷ್ಟರಿಂದ ತೃಪ್ತರಾಗಿ ಕೈಕಟ್ಟಿ ಕುಳಿತುಕೊಳ್ಳಬಹುದೇ? ಆಗದೆಂದು ನಮ್ಮ ಅಭಿಪ್ರಾಯ. ಪ್ರಾಂತದ ಸರಕಾರಕ್ಕೆ ಬೊಮ್ಮಾಯಿ ತೀರ್ಪಿನ ರಕ್ಷಣೆಯಿದೆ; ಪ್ರಾಂತದ ಮೈಗೆ, ಅಂದರೆ ಅದರ ಗಡಿಗೂ ಅಖಂಡತೆಗೂ, ಅಂಥ ರಕ್ಷಣೆಯಿಲ್ಲ. 2014ರ ಜನವರಿ 30ರಂದು ಆಂಧ್ರದ ಶಾಸನಸಭೆಯು ವಿಭಜನೆಯ ಮಸೂದೆಯನ್ನು ತಿರಸ್ಕರಿಸಿತು; ಮರುತಿಂಗಳೇ ಪಾರ್ಲಿಮೆಂಟು ಅದನ್ನು ಅಂಗೀಕರಿಸಿತು. ತೆಲಂಗಾಣದ ಜನರ ಬೇಡಿಕೆ ನ್ಯಾಯವಾದುದೇ ಇರಬಹುದು. ಶಾಸನಸಭೆಯ ಮಾತಿಗೆ ಬೆಲೆಯಿಲ್ಲದಾಯಿತೆಂಬುದು ಮಾತ್ರ ಸುಳ್ಳಲ್ಲ. 2019ರಲ್ಲಿ ಜಮ್ಮು–ಕಾಶ್ಮೀರವನ್ನು ಒಡೆದು ಎರಡು ಕೇಂದ್ರಾಡಳಿತ ಪ್ರದೇಶಗಳನ್ನು ಮಾಡಿದಾಗ ಅಲ್ಲಿ ಶಾಸನಸಭೆಯೇ ಇರಲಿಲ್ಲ. ರಾಷ್ಟ್ರಪತಿ ಆಡಳಿತವಿದ್ದುದರಿಂದ ಅದರ ಪರವಾಗಿ ಪಾರ್ಲಿಮೆಂಟೇ ಅಭಿಪ್ರಾಯ ಕೊಟ್ಟುಕೊಂಡಿತು. 2023ರ ಡಿಸೆಂಬರ 11ರ ತೀರ್ಪಿನಲ್ಲಿ ಕೋರ್ಟು ಲಡಾಖಿನ ರಚನೆಯನ್ನು ಎತ್ತಿಹಿಡಿಯಿತು. ಒಂದು ಪ್ರಾಂತವನ್ನು ಪೂರ್ತಿಯಾಗಿ ಕೇಂದ್ರಾಡಳಿತಕ್ಕೆ ಇಳಿಸಬಹುದೇ ಎಂಬ ಪ್ರಶ್ನೆಯನ್ನು ಮಾತ್ರ ತೀರ್ಮಾನಿಸದೆ ಬಿಟ್ಟಿತು. ಈ ಕ್ರಮಗಳನ್ನು ಮೆಚ್ಚುವವರೂ ಒಂದು ಮಾತನ್ನು ಒಪ್ಪಬೇಕು. ತಾನೇ ಪ್ರಶ್ನೆ ಕೇಳಿ ತಾನೇ ಉತ್ತರ ಕೊಟ್ಟುಕೊಳ್ಳುವುದಕ್ಕೆ ಅಭಿಪ್ರಾಯ ಕೇಳುವುದೆಂಬ ಹೆಸರು ಸಲ್ಲದು.

ಹಾಗೆಂದು ಅಮೇರಿಕೆಯ ಕಟ್ಟಳೆಯನ್ನು ಹಾಗೆಯೇ ತಂದಿರಿಸಬೇಕೆಂದು ನಾವು ಹೇಳುವುದಿಲ್ಲ. ಹೇಳಿದರೆ 1956ನ್ನೇ ಮರೆತಂತಾದೀತು. ದೊಡ್ಡ ಪ್ರಾಂತವು ತನ್ನೊಳಗಿನ ಅಲ್ಪಸಂಖ್ಯಾತ ಭಾಷಿಕರನ್ನು ಎಂದೆಂದಿಗೂ ಹಿಡಿದಿಟ್ಟುಕೊಳ್ಳುವ ಹಕ್ಕು ಯಾರಿಗೂ ಬೇಡ. ಆದರೆ ನಡುವಣ ಮಾರ್ಗವಿದೆ. ಶಾಸನಸಭೆಯು ಇಲ್ಲದಿರುವಾಗ 3ನೆಯ ಕಲಮಿನ ಕೆಲಸಕ್ಕೆ ಕೈಹಾಕಕೂಡದೆಂದು ನಿಯಮವಾಗಲಿ. ಶಾಸನಸಭೆಯು ಬೇಡವೆಂದಾಗ ಪಾರ್ಲಿಮೆಂಟಿನಲ್ಲಿ ಸಾದಾ ಬಹುಮತವು ಸಾಲದು, ಮೂರರಲ್ಲಿ ಎರಡು ಪಾಲು ಬೇಕೆಂದಾಗಲಿ. ಎಲ್ಲಕ್ಕಿಂತ ಮಿಗಿಲಾಗಿ, ಯಾವ ಸೀಮೆಯನ್ನು ಸಾಗಿಸುವರೋ ಆ ಸೀಮೆಯ ಜನರ ಮತವನ್ನು ಕೇಳುವ ಕ್ರಮ ಬರಲಿ. ಆ ಕ್ರಮವು 1956ರಲ್ಲಿದ್ದಿದ್ದರೆ ಬಂಕಾಪುರಕ್ಕೆ ಅದರಿಂದ ಭಯವೇನಿತ್ತು? ಕಾಸರಗೋಡಿನ ಕನ್ನಡಿಗನಿಗಾದರೂ ತನ್ನ ಮಾತನ್ನು ಆಡುವ ಅವಕಾಶ ದೊರೆಯುತ್ತಿತ್ತು. ಜನರೇ ಸತ್ತೆಯ ಮೂಲವೆಂಬ ತತ್ತ್ವವನ್ನು ಒಪ್ಪಿದವರು ಗಡಿಯ ಮಾತಿನಲ್ಲಿ ಮಾತ್ರ ಅದನ್ನು ಬದಿಗಿಡುವುದು ಹೇಗೆ?

ಶಿಕ್ಷಕ ಬಂಧುಗಳಿಗೆ ಕೊನೆಯದೊಂದು ಬಿನ್ನಹ. ನಮ್ಮ ಶಾಲೆಗಳಲ್ಲಿ ರಾಜ್ಯಘಟನೆಯ ಪಾಠವೆಂದರೆ ಕಲಮುಗಳ ಸಂಖ್ಯೆಯನ್ನು ಬಾಯಿಪಾಠ ಮಾಡಿಸುವುದೆಂದಾಗಿದೆ. ಅದರ ಬದಲು ಹುಡುಗರನ್ನು ಕೋಟೆಗೆ ಕರೆದೊಯ್ದು ಶಾಸನದ ಕಲ್ಲನ್ನು ತೋರಿಸಿರಿ. ಅರಸನು ತನ್ನ ಮುಂದಿನ ಅರಸನನ್ನು ಕಟ್ಟಿಹಾಕಲು ಏನನ್ನು ಬರೆಯಿಸುತ್ತಿದ್ದನೆಂದು ಹೇಳಿರಿ. ಆಮೇಲೆ ಕಾರಡಗಿಯ ಹೆಸರನ್ನೂ ಎಡನೀರಿನ ಹೆಸರನ್ನೂ ಹೇಳಿರಿ. ಕಾಯುವವರಿಲ್ಲದ ಶಾಸನವು ಮಳೆಗೆ ಸವೆದು ಅಕ್ಷರಗೆಡುವುದನ್ನು ಅವರು ಅಲ್ಲಿಯೇ ಕಣ್ಣಾರೆ ಕಾಣುವರು. ನ್ಯಾಯಾಲಯಕ್ಕೆ ಅರ್ಜಿಯನ್ನು ಒಯ್ಯುವ ಪ್ರಜೆಯೊಬ್ಬನಿಲ್ಲದಿದ್ದರೆ ನ್ಯಾಯಪೀಠವೂ ಮೂಕವೇ ಎಂಬುದನ್ನು ಅವರಿಗೆ ತಿಳಿಸಿಕೊಡುವ ಕೆಲಸ ನಿಮ್ಮದು.